ಒಡವೆ ಅಡವಿಡುವ ಮುನ್ನ: ಸ್ತನ ಕ್ಯಾನ್ಸರಿನ ರಿಸೆಪ್ಟರ್ ಔಷಧಗಳಲ್ಲಿ ಯಾವುದು ಯಾರಿಗೆ

ಡೊಂಬಿವಿಲಿಯ ಅಕ್ಕ ಒಬ್ಬರು ಕೇಳುತ್ತಾರೆ: “ನನಗೆ ಟ್ಯಾಮೊಕ್ಸಿಫೆನ್ ಬರೆದಿದ್ದಾರೆ, ನನ್ನ ಜೊತೆಗೇ ಆಪರೇಶನ್ ಆದವರಿಗೆ ಲೆಟ್ರೋಜೋಲ್. ಅದು ಹೊಸದಂತೆ. ನಾನೂ ಬದಲಾಯಿಸಿಕೊಳ್ಳಲಾ?” ವಿಜಯಪುರದ ಕಡೆಯಿಂದ ಹೆಂಡತಿಯನ್ನು ಕರೆತಂದು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ ಉಳಿದವರದು ಬೇರೆ ಚಿಂತೆ: “ಅಣ್ಣಾರ, ಇಂಜೆಕ್ಷನ್ ಫಾರಿನ್ ಕಂಪನಿದs ತಗೋಬೇಕೋ, ನಮ್ಮ ದೇಶದ್ದು ನಡೀತದೋ? ಹೊಲ ಮಾರೂದಾದ್ರ ಈಗs ಮಾರಬೇಕು.” ಠಾಣೆಯಿಂದ ಫೋನ್ ಮಾಡುವ ಹುಡುಗಿಯ ತಾಯಿಗೆ ಕಾಯಿಲೆ ಎಲುಬಿಗೆ ಇಳಿದಿದೆ: “ಪಾಲ್ಬೊ, ರೈಬೊ ಅಂತ ಎರಡು ಮಾತ್ರೆ, ಎರಡೂ ಆಗುತ್ತೆ, ನೀವೇ ನೋಡಿ ಅಂದರು ಸರ್. ನಾವೇನು ನೋಡೋದು?”

ನಾನು ಪರೇಲಿನಲ್ಲಿ ಔಷಧದಂಗಡಿಯವನು, ಡಾಕ್ಟರಲ್ಲ. ಚೀಟಿ ಬರೆಯುವುದು ಅವರ ಕೆಲಸ, ಅದನ್ನು ಬದಲಿಸುವ ಅಧಿಕಾರ ನನಗಿಲ್ಲ. ಆದರೆ ‘ಎರಡರಲ್ಲಿ ಯಾವುದಾದರೂ ಸರಿ’ ಎಂದು ಡಾಕ್ಟರೇ ಬಿಟ್ಟುಕೊಟ್ಟಾಗ ಮನೆಯವರು ಯಾವ ಲೆಕ್ಕದಲ್ಲಿ ಯೋಚಿಸಬೇಕು ಎನ್ನುವುದನ್ನು ಹೇಳಬಲ್ಲೆ. ಕೌಂಟರಿನ ಈಚೆ ಕೂತು ನಾನು ಕಾಣುವುದಿಷ್ಟು: ದುಡ್ಡು ಹಾಕಲೇಬೇಕಾದ ಕಡೆ ಜನ ಹಿಂದೇಟು ಹಾಕುತ್ತಾರೆ, ಅಷ್ಟೇನೂ ಲಾಭವಿಲ್ಲದ ಕಡೆ ಮಂಗಳಸೂತ್ರ ಅಡವಿಡುತ್ತಾರೆ.

ಮೊದಲು ಕೈಯಲ್ಲಿರುವ ರಿಪೋರ್ಟ್

ಔಷಧದ ಹೆಸರಿಗಿಂತ ಮುಂಚೆ ಬಯಾಪ್ಸಿ ರಿಪೋರ್ಟಿನ ಕೊನೆಯ ಭಾಗ ತೆಗೆದು ನೋಡಿ. ಅಲ್ಲಿ ಇ.ಆರ್., ಪಿ.ಆರ್., ಹರ್-2 ಎಂದು ಮೂರು ಸಾಲು ಇರುತ್ತವೆ. ಗೆಡ್ಡೆಯ ಜೀವಕೋಶಗಳಿಗೆ ‘ಬೆಳೆ, ಒಡೆ, ಹರಡು’ ಎಂಬ ಸೂಚನೆ ಯಾವ ರಿಸೆಪ್ಟರ್, ಅಂದರೆ ಸೂಚನೆ ಹಿಡಿಯುವ ಕೊಂಡಿಯ ಮೂಲಕ ಹೋಗುತ್ತಿದೆ ಎಂದು ತಿಳಿಯುವುದು ಈ ಮೂರು ಸಾಲಿನಿಂದ. ಪಿ.ಆರ್. ಎಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್, ಇ.ಆರ್. ಎಂದರೆ ಈಸ್ಟ್ರೋಜನ್ ರಿಸೆಪ್ಟರ್. ಇ.ಆರ್. ಅನ್ನು ಶೇಕಡಾವಾರಿನಲ್ಲೋ 8ಕ್ಕೆ ಇಷ್ಟು ಎಂಬ ಅಂಕದಲ್ಲೋ ಬರೆಯುತ್ತಾರೆ. ಶೇ 1ರಷ್ಟು ಕೋಶಗಳಲ್ಲಿ ಕಂಡರೂ ಪಾಸಿಟಿವ್ ಎಂದೇ ಲೆಕ್ಕ. ಆದರೆ ಶೇ 90 ಇರುವವರಿಗೆ ಹಾರ್ಮೋನ್ ಮಾತ್ರೆ ಕೊಡುವ ಲಾಭ ಶೇ 5 ಇರುವವರಿಗೂ ಅಷ್ಟೇ ಸಿಗುತ್ತದೆ ಎಂದು ಭಾವಿಸಬೇಡಿ.

ಹರ್-2 ಅನ್ನು 0, 1+, 2+, 3+ ಎಂದು ಬರೆದಿರುತ್ತಾರೆ. 3+ ಇದ್ದರೆ ಪಾಸಿಟಿವ್. 2+ ಎಂದರೆ ಏನೂ ತೀರ್ಮಾನವಾಗಿಲ್ಲ ಎಂದರ್ಥ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. 2+ ರಿಪೋರ್ಟ್ ಹಿಡಿದುಕೊಂಡೇ ಇಂಜೆಕ್ಷನ್ ಬೆಲೆ ವಿಚಾರಿಸಲು ಬರುವವರಿಗೆ ನಾನು ಬೆಲೆ ಹೇಳುವುದೇ ಇಲ್ಲ. ಮೊದಲು ಫಿಶ್ ಮಾಡಿಸಿ ಬನ್ನಿ ಎನ್ನುತ್ತೇನೆ.

ಊರಿನಿಂದ ಬರುವವರು ಇನ್ನೊಂದು ವಿಷಯ ತಿಳಿದಿರಬೇಕು. ಗೆಡ್ಡೆ ತೆಗೆದ ತಕ್ಷಣ ತುಣುಕು ಫಾರ್ಮಲಿನ್‌ನಲ್ಲಿ ಬೀಳಬೇಕು. ಲ್ಯಾಬ್ ತೆರೆಯುವವರೆಗೆ ಅದು ಒಣ ಡಬ್ಬಿಯಲ್ಲೋ ಸಲೈನ್‌ನಲ್ಲೋ ಕೂತಿದ್ದರೆ ಇರುವ ರಿಸೆಪ್ಟರ್ ಕೂಡ ‘ನೆಗೆಟಿವ್’ ಎಂದು ಬರಬಹುದು. ಹಾಗಾದರೆ ಕೆಲವೇ ರೂಪಾಯಿಯ ಮಾತ್ರೆಯಿಂದ ಆಗಬಹುದಾಗಿದ್ದ ಉಪಕಾರ ಜೀವಮಾನಪೂರ್ತಿ ತಪ್ಪಿಹೋಗುತ್ತದೆ. ಅದಕ್ಕೇ ಮುಂಬೈಗೆ ಬರುವಾಗ ಬರೀ ರಿಪೋರ್ಟ್ ಸಾಲದು, ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಕೇಳಿ ಪಡೆದು ತನ್ನಿ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲ ದಿನವೇ “ಬ್ಲಾಕ್ ತಂದಿದ್ದೀರಾ?” ಎಂದು ಕೇಳುತ್ತಾರೆ.

ಮೂರೂ ಸಾಲು ನೆಗೆಟಿವ್ ಇದ್ದವರಿಗೆ ಈ ಬರಹದ ಹೆಚ್ಚಿನ ಭಾಗ ಅನ್ವಯಿಸದು. ಅವರ ದಾರಿ ಕೀಮೋ, ಇಮ್ಯುನೋಥೆರಪಿ, ಬಿ.ಆರ್.ಸಿ.ಎ. ಎಂಬ ಜೀನ್ ಪರೀಕ್ಷೆಯ ಕಡೆ ಹೋಗುತ್ತದೆ.

ರಿಪೋರ್ಟ್ ಆದಮೇಲೆ ಉಳಿದ ಅಳತೆಗೋಲುಗಳು. ಮುಟ್ಟು ನಿಂತಿದೆಯೇ, ಇಲ್ಲವೇ? ಕಾಯಿಲೆ ಸ್ತನ ಮತ್ತು ಕಂಕುಳಿನಲ್ಲಷ್ಟೇ ಇದ್ದು ಮರಳದಂತೆ ತಡೆಯಬೇಕಾಗಿದೆಯೇ, ಅಥವಾ ಎಲುಬು, ಶ್ವಾಸಕೋಶ, ಲಿವರಿಗೆ ಹೋಗಿ ಆದಷ್ಟು ಕಾಲ ಹಿಡಿದು ನಿಲ್ಲಿಸಬೇಕಾಗಿದೆಯೇ? ಹೃದಯ, ಮೂಳೆ, ಗರ್ಭಕೋಶ, ಸಕ್ಕರೆ ಹೇಗಿವೆ? ಕೊನೆಯದು ದುಡ್ಡು. ಇಲ್ಲಿ ತಿಂಗಳ ಬೆಲೆ ಕೇಳುವುದು ತಪ್ಪು ಲೆಕ್ಕ. ಪೂರ್ತಿ ಕೋರ್ಸ್ ಮುಗಿಸಲು ಎಷ್ಟು, ಜೊತೆಗೆ ಬರುವ ಎಕೋ, ರಕ್ತ ಪರೀಕ್ಷೆ, ರೈಲಿನ ಟಿಕೆಟ್, ಜೊತೆಯವರ ಕೂಲಿ ಸೇರಿ ಎಷ್ಟು ಎಂದು ಕೇಳಬೇಕು.

ಟ್ಯಾಮೊಕ್ಸಿಫೆನ್ ಅಥವಾ ಲೆಟ್ರೋಜೋಲ್ ಗುಂಪು

ಈಸ್ಟ್ರೋಜನ್ ಅನ್ನು ಸೊಸೈಟಿಯ ನೀರು ಎಂದುಕೊಳ್ಳಿ. ಟ್ಯಾಮೊಕ್ಸಿಫೆನ್ ನಲ್ಲಿಯ ಬಾಯಿಗೆ ಬೆಣೆ ಹೊಡೆಯುತ್ತದೆ. ಮೇಲಿನ ಟ್ಯಾಂಕಿನಲ್ಲಿ ನೀರು ಇದ್ದೇ ಇರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಟ್ಯಾಂಕಿಗೆ ನೀರು ಏರಿಸುವ ಪಂಪನ್ನೇ ನಿಲ್ಲಿಸುತ್ತವೆ. ಫುಲ್ವೆಸ್ಟ್ರಂಟ್ ಎಂಬ ಇಂಜೆಕ್ಷನ್ ನಲ್ಲಿಯನ್ನೇ ಕಿತ್ತು ಹಾಕುತ್ತದೆ.

ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ತಯಾರಾಗುವುದು ಕೊಬ್ಬು ಮುಂತಾದ ಕಡೆ, ಅರೋಮಟೇಸ್ ಎಂಬ ಕಿಣ್ವದಿಂದ. ಲೆಟ್ರೋಜೋಲ್ ಗುಂಪು ತಡೆಯುವುದು ಅದನ್ನೇ. ಅಂಥವರಲ್ಲಿ ಈ ಗುಂಪು ಟ್ಯಾಮೊಕ್ಸಿಫೆನ್‌ಗಿಂತ ಒಂದು ಕೈ ಮೇಲು. ಹಲವು ಪ್ರಯೋಗಗಳ ಅಂಕಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹತ್ತು ವರ್ಷಗಳೊಳಗೆ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು ಟ್ಯಾಮೊಕ್ಸಿಫೆನ್‌ನಲ್ಲಿ ಶೇ 14.2, ಈ ಗುಂಪಿನಲ್ಲಿ ಶೇ 12.1. ವ್ಯತ್ಯಾಸ ನಿಜ, ಆದರೆ ನೂರಕ್ಕೆ ಇಬ್ಬರದು. ಟ್ಯಾಮೊಕ್ಸಿಫೆನ್‌ನ ಸ್ವಂತ ಸಾಧನೆ ಇದಕ್ಕಿಂತ ದೊಡ್ಡದು: ಇ.ಆರ್. ಪಾಸಿಟಿವ್ ಇದ್ದವರು ಐದು ವರ್ಷ ತೆಗೆದುಕೊಂಡರೆ ಮುಂದಿನ ಹದಿನೈದು ವರ್ಷಗಳಲ್ಲಿ ಈ ಕಾಯಿಲೆಯಿಂದಾಗುವ ಸಾವು ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. 1970ರ ದಶಕದಿಂದ ಬಳಕೆಯಲ್ಲಿರುವ ಈ ಮಾತ್ರೆಗೆ ಇವತ್ತು ತಿಂಗಳಿಗೆ ಕೆಲವು ನೂರು ರೂಪಾಯಿ ಸಾಕು. ಅಗ್ಗ ಎನ್ನುವ ಕಾರಣಕ್ಕೇ ಅದನ್ನು ಅನುಮಾನದಿಂದ ನೋಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಈಗ ಡೊಂಬಿವಿಲಿಯ ಅಕ್ಕನ ಪ್ರಶ್ನೆ. ಅವರಿಗಿನ್ನೂ ಮುಟ್ಟು ಬರುತ್ತಿದೆ. ಅಂಡಾಶಯ ಕೆಲಸ ಮಾಡುತ್ತಿರುವಾಗ ಲೆಟ್ರೋಜೋಲ್ ಒಂದನ್ನೇ ನುಂಗಿದರೆ ಈಸ್ಟ್ರೋಜನ್ ಸ್ವಲ್ಪ ಇಳಿದದ್ದನ್ನು ಕಂಡು ಮೆದುಳು ಅಂಡಾಶಯವನ್ನು ಇನ್ನಷ್ಟು ಎಬ್ಬಿಸುತ್ತದೆ. ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲೆಂದು ಇದೇ 2.5 ಮಿಲಿಗ್ರಾಂ ಮಾತ್ರೆ ಕೊಡುತ್ತಾರೆ! ಆದ್ದರಿಂದ ಅಕ್ಕನಿಗೆ ಪಕ್ಕದವರ ಮಾತ್ರೆ ಒಳ್ಳೆಯದಾಗುವುದಿರಲಿ, ಕೆಟ್ಟದ್ದೇ ಆಗಬಹುದು. ಕೀಮೋ ನಂತರ ಮುಟ್ಟು ನಿಂತಿದೆ ಎಂಬುದೂ ನಂಬಿಕೆಗೆ ಸಾಲದು. ನಲವತ್ತರ ಆಸುಪಾಸಿನವರಲ್ಲಿ ತಿಂಗಳುಗಳ ಬಳಿಕ ಮತ್ತೆ ಶುರುವಾಗುತ್ತದೆ. ಎಫ್.ಎಸ್.ಎಚ್. ಮತ್ತು ಈಸ್ಟ್ರಡಯಾಲ್ ಎಂಬ ಹಾರ್ಮೋನುಗಳ ರಕ್ತ ಪರೀಕ್ಷೆ ಮಾಡಿಸದೆ ಈ ಗುಂಪಿಗೆ ದಾಟಬಾರದು.

ದೇಹದ ಉಳಿದ ಭಾಗ ನೋಡಿದರೆ ತಕ್ಕಡಿ ಅತ್ತಿತ್ತ ವಾಲುತ್ತದೆ. ಲೆಟ್ರೋಜೋಲ್ ಗುಂಪು ಮೂಳೆ ಸವೆಸುತ್ತದೆ, ಬೆಳಗ್ಗೆ ಎದ್ದಾಗ ಬೆರಳು, ಮಂಡಿ ಬಿಗಿದುಕೊಳ್ಳುತ್ತವೆ. ಚಾಳಿನ ಮೂರನೇ ಮಹಡಿ ಹತ್ತಿಳಿಯುವ ಅರವತ್ತೈದರ ಅಜ್ಜಿಗೆ ಮೊದಲೇ ಮೂಳೆ ಟೊಳ್ಳಾಗಿದ್ದರೆ ಟ್ಯಾಮೊಕ್ಸಿಫೆನ್ ಕೇಳಿನೋಡಬಹುದು. ಮುಟ್ಟು ನಿಂತವರಲ್ಲಿ ಅದು ಮೂಳೆಯನ್ನು ಕಾಯುತ್ತದೆ. ಆದರೆ ಅದೇ ಟ್ಯಾಮೊಕ್ಸಿಫೆನ್ ಸ್ತನದಲ್ಲಿ ತಡೆಯುವ ರಿಸೆಪ್ಟರನ್ನು ಗರ್ಭಕೋಶದಲ್ಲಿ ಸ್ವಲ್ಪ ಕೆಣಕುತ್ತದೆ. ಹಾಗಾಗಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಣ್ಣ ಅಪಾಯ, ಜೊತೆಗೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಹಿಂದೆ ಹಾಗೆ ಹೆಪ್ಪುಗಟ್ಟಿದ್ದವರು ಡಾಕ್ಟರಿಗೆ ಹೇಳಲೇಬೇಕು. ಮುಟ್ಟು ನಿಂತವರಿಗೆ ಈ ಮಾತ್ರೆಯ ಮೇಲಿರುವಾಗ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು.

ಅಂಗಡಿಯವನಾಗಿ ಇನ್ನೆರಡು ಮಾತು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಟ್ಯಾಮೊಕ್ಸಿಫೆನ್‌ನ ಕೆಲಸ ಕೆಡಿಸುತ್ತವೆ. ಬೇರೆ ಮಾತ್ರೆ ಬರೆಸಿಕೊಳ್ಳಿ. ಡಬ್ಬಿಯಲ್ಲಿ ಮಾರುವ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೂಡ ರಕ್ತದಲ್ಲಿ ಅದರ ಸಕ್ರಿಯ ರೂಪವನ್ನು ಇಳಿಸಿದ್ದು ನೆದರ್‌ಲ್ಯಾಂಡ್ಸ್‌ನ ಸಣ್ಣ ಅಧ್ಯಯನದಲ್ಲಿ ಕಂಡಿದೆ. ಸಾರಿಗೆ ಹಾಕುವ ಅರಿಶಿನಕ್ಕೆ ಇದು ಅನ್ವಯಿಸದು.

ಐದು ವರ್ಷವೋ ಹತ್ತೋ? 2012ರ ಅಟ್ಲಾಸ್ ಪ್ರಯೋಗದಲ್ಲಿ ಟ್ಯಾಮೊಕ್ಸಿಫೆನ್ ಅನ್ನು ಹತ್ತು ವರ್ಷ ಮುಂದುವರಿಸಿದವರಲ್ಲಿ ಸಾವು ಇನ್ನೂ ಕಡಿಮೆಯಾಯಿತು, ಗರ್ಭಕೋಶದ ಕ್ಯಾನ್ಸರ್ ಸುಮಾರು ಇಮ್ಮಡಿಯಾಯಿತು. ಕಂಕುಳಿನ ಗಂಟಿಗೆ ಹೋಗಿದ್ದವರಿಗೆ ಮುಂದುವರಿಸುವುದು ಲಾಭ. ಚಿಕ್ಕ ಗೆಡ್ಡೆ, ಗಂಟಿಲ್ಲದವರಿಗೆ ಐದು ಸಾಕು ಎನ್ನುವ ಡಾಕ್ಟರರ ಮಾತಿಗೆ ಬೇಸರಪಡಬೇಕಿಲ್ಲ.

ಅಂಡಾಶಯ ನಿಲ್ಲಿಸುವುದು: ಇಂಜೆಕ್ಷನ್ನೋ ಆಪರೇಶನ್ನೋ

ಮುಟ್ಟು ನಿಲ್ಲದ ಎಲ್ಲರಿಗೂ ಇದು ಬೇಕಿಲ್ಲ. ಕಡಿಮೆ ಅಪಾಯದ, ಕೀಮೋ ಬೇಕಾಗದ ಹೆಂಗಸರಿಗೆ ಟ್ಯಾಮೊಕ್ಸಿಫೆನ್ ಒಂದೇ ಸಾಕಾಗುತ್ತದೆ. ಮೂವತ್ತೈದರೊಳಗಿನವರು, ಕೀಮೋ ಬೇಕಾದಷ್ಟು ಅಪಾಯ ಇರುವವರು ಅಂಡಾಶಯವನ್ನೂ ನಿಲ್ಲಿಸಿದರೆ ಲಾಭ ಸ್ಪಷ್ಟ. ಈ ವಿದ್ಯೆ ಹಳೆಯದು. ರಿಸೆಪ್ಟರ್ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ, 1896ರಲ್ಲಿ, ಗ್ಲಾಸ್ಗೋದ ಸರ್ಜನ್ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದರೆ ಸ್ತನದ ಗೆಡ್ಡೆ ಕುಗ್ಗುತ್ತದೆ ಎಂದು ವರದಿ ಮಾಡಿದ್ದರು.

ಅಂಡಾಶಯ ನಿಲ್ಲಿಸುವ ಗೋಸೆರೆಲಿನ್ 3.6 ಮಿಲಿಗ್ರಾಂ ಅನ್ನು ಹೊಟ್ಟೆಯ ಚರ್ಮದಡಿ 28 ದಿನಕ್ಕೊಮ್ಮೆ ಹಾಕುತ್ತಾರೆ. ವರ್ಷಕ್ಕೆ 13, ಐದು ವರ್ಷಕ್ಕೆ 65 ಇಂಜೆಕ್ಷನ್. ಬೆಲೆ ಒಂದು ಕಡೆಯಾದರೆ, ದಿನ ತಪ್ಪುವುದು ಇನ್ನೊಂದು ಕಡೆ. ಸುಗ್ಗಿ, ಜಾತ್ರೆ, ಮಗಳ ಮದುವೆ ಎಂದು ಹತ್ತು ದಿನ ತಡವಾದರೆ ಅಂಡಾಶಯ ಎಚ್ಚರಾಗಬಹುದು, ಆಗ ಜೊತೆಯ ಲೆಟ್ರೋಜೋಲ್ ಕೂಡ ವ್ಯರ್ಥ. ದೂರ್ಬೀನಿನ ಆಪರೇಶನ್ ಒಮ್ಮೆ ಮಾಡಿದರೆ ಮುಗಿಯಿತು, ಆಸ್ಪತ್ರೆಯಲ್ಲಿ ಒಂದೆರಡು ದಿನ. ಆದರೆ ಅದನ್ನು ಹಿಂದೆ ತಿರುಗಿಸಲು ಬಾರದು.

ಮಕ್ಕಳು ಬೇಕು ಎನ್ನುವ ಇಪ್ಪತ್ತೊಂಬತ್ತರ ಹುಡುಗಿಗೆ ಇಂಜೆಕ್ಷನ್ನೇ. 2023ರಲ್ಲಿ ಪ್ರಕಟವಾದ ಪಾಸಿಟಿವ್ ಎಂಬ ಅಧ್ಯಯನದಲ್ಲಿ 18ರಿಂದ 30 ತಿಂಗಳು ಹಾರ್ಮೋನ್ ಚಿಕಿತ್ಸೆ ಪಡೆದು, ಬಸಿರಿಗಾಗಿ ಎರಡು ವರ್ಷದವರೆಗೆ ನಿಲ್ಲಿಸಿದವರಲ್ಲಿ ಸದ್ಯದ ಮಟ್ಟಿಗೆ ಕಾಯಿಲೆ ಮರಳುವುದು ಹೆಚ್ಚಲಿಲ್ಲ. ನಲವತ್ತನಾಲ್ಕು ದಾಟಿದ, ಸಂಸಾರ ತುಂಬಿದ, ಕಲಬುರಗಿಯ ಹಳ್ಳಿಯಿಂದ ತಿಂಗಳು ತಿಂಗಳು ಬರಬೇಕಾದ ಅಕ್ಕನಿಗೆ ನನ್ನ ಒಲವು ಆಪರೇಶನ್ ಕಡೆ. ಮನೆಯ ಗಂಡಸರು ‘ಮತ್ತೊಂದು ಆಪರೇಶನ್ನಾ’ ಎಂದು ಹಿಂಜರಿಯುತ್ತಾರೆ. 65ರ ಲೆಕ್ಕ ಕಾಗದದಲ್ಲಿ ಬರೆದು ತೋರಿಸಿ.

ಹರ್-2 ಇದ್ದವರು: ದುಡ್ಡು ಹೊಂದಿಸಲೇಬೇಕಾದ ಜಾಗ

ಸ್ತನ ಕ್ಯಾನ್ಸರಿನ ಶೇ 15ರಿಂದ 20ರಷ್ಟು ಗೆಡ್ಡೆಗಳಲ್ಲಿ ಹರ್-2 ರಿಸೆಪ್ಟರ್ ಅತಿಯಾಗಿರುತ್ತದೆ. ಹಿಂದೆ ಇದು ಬೇಗ ಹರಡುವ ಕೆಟ್ಟ ಜಾತಿ ಎನಿಸಿಕೊಂಡಿತ್ತು. ಆ ರಿಸೆಪ್ಟರಿಗೆ ಅಂಟಿಕೊಂಡು ಸೂಚನೆ ತಡೆಯುವ ಟ್ರಾಸ್ಟುಜುಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೇಲೆ ಚಿತ್ರವೇ ಬದಲಾಯಿತು. ಬೇರೆಲ್ಲ ಕಡೆ ನಾನು ಕೈ ಹಿಡಿದು ಖರ್ಚು ಮಾಡಿ ಎನ್ನುವವನು. ಹರ್-2 3+ ಇದ್ದು ಕಾಯಿಲೆ ಇನ್ನೂ ಹರಡದಿದ್ದರೆ ಮಾತ್ರ ಈ ಒಂದು ಔಷಧಕ್ಕೆ ಹೇಗಾದರೂ ದಾರಿ ಹುಡುಕಿ ಎಂದೇ ಹೇಳುತ್ತೇನೆ.

ಫಾರಿನ್ ಕಂಪನಿಯದೋ ನಮ್ಮದೋ? ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧಕ್ಕೆ ಸರಿಸಮವಾಗಿ ಬೇರೆ ಕಂಪನಿ ಮಾಡಿದ್ದನ್ನು, ಮೊದಲು ತಂದವರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಇದೆ. ಮೈಲಾನ್ ಜೊತೆ ಸೇರಿ ಮಾಡಿದ ಅದಕ್ಕೆ 2013ರಲ್ಲಿ ಭಾರತದ ಒಪ್ಪಿಗೆ, 2017ರ ಡಿಸೆಂಬರಿನಲ್ಲಿ ಅಮೆರಿಕದ ಎಫ್.ಡಿ.ಎ. ಒಪ್ಪಿಗೆ ಸಿಕ್ಕಿತು. ವಿಜಯಪುರದ ಅಣ್ಣನಿಗೆ ನಾನು ಹೇಳಿದ್ದೂ ಅದೇ: ಹೆಸರಿಗಾಗಿ ಹೊಲ ಮಾರಬೇಡಿ. ನಡುವೆ ಬ್ರಾಂಡ್ ಬದಲಿಸುತ್ತಾ ಹೋಗುವುದು ಬೇಡ, ಶುರು ಮಾಡಿದ್ದನ್ನೇ ಮುಂದುವರಿಸುವುದು ವಾಸಿ.

ಎಷ್ಟು ಕಾಲ? ನಿಯಮದಂತೆ ಮೂರು ವಾರಕ್ಕೊಂದರಂತೆ ಒಂದು ವರ್ಷ, ಅಂದರೆ ಸುಮಾರು 18 ಡೋಸ್. ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರ್ಸೆಫೋನಿ ಪ್ರಯೋಗದಲ್ಲಿ, ನಾಲ್ಕು ವರ್ಷಗಳ ಬಳಿಕ ಕಾಯಿಲೆ ಮರಳದೆ ಇದ್ದವರು ಆರು ತಿಂಗಳ ಗುಂಪಿನಲ್ಲಿ ಶೇ 89.4, ಒಂದು ವರ್ಷದ ಗುಂಪಿನಲ್ಲಿ ಶೇ 89.8. ಫ್ರಾನ್ಸಿನ ಫೇರ್ ಪ್ರಯೋಗ ಮಾತ್ರ ಆರು ತಿಂಗಳು ಸಾಕು ಎಂದು ಸಾಬೀತುಪಡಿಸಲಾಗಲಿಲ್ಲ. ಆದ್ದರಿಂದ ವಿಮೆಯೋ ಯೋಜನೆಯೋ ಕೊಡುವುದಾದರೆ ವರ್ಷ ಪೂರ್ತಿ ತೆಗೆದುಕೊಳ್ಳಿ. ಸ್ವಂತ ದುಡ್ಡಾಗಿದ್ದು ಒಂಬತ್ತು ಡೋಸಿಗೆ ಮಾತ್ರ ಆಗುತ್ತದೆ ಎಂದರೆ ‘ಪೂರ್ತಿ ಆಗದಿದ್ದರೆ ಬೇಡವೇ ಬೇಡ’ ಎಂದು ಕೈಬಿಡುವುದು ದೊಡ್ಡ ನಷ್ಟ.

ವಯಲ್ (ಇಂಜೆಕ್ಷನ್ ಶೀಶೆ) ಲೆಕ್ಕ ಯಾರೂ ಹೇಳಿಕೊಡುವುದಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಮೊದಲ ಡೋಸ್ ಕಿಲೋಗೆ 8 ಮಿಲಿಗ್ರಾಂ, ನಂತರ 6. ರೋಗಿ 55 ಕಿಲೋ ಇದ್ದರೆ ಮೊದಲಿಗೆ 440, ಅಂದರೆ ಸರಿಯಾಗಿ ಒಂದು ದೊಡ್ಡ ವಯಲ್. ಆಮೇಲೆ ಪ್ರತಿ ಸಲ 330, ಪ್ರತಿ ವಯಲಿನಲ್ಲೂ 110 ಉಳಿಯುತ್ತದೆ. 440ರ ಪೊಟ್ಟಣದ ಜೊತೆ ಬರುವ ವಿಶೇಷ ನೀರಿನಲ್ಲಿ ಕಲಸಿದರೆ ಅದನ್ನು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ 28 ದಿನ ಇಡಬಹುದು ಎಂದು ಪೊಟ್ಟಣದೊಳಗಿನ ಕಾಗದದಲ್ಲೇ ಇರುತ್ತದೆ. ಮುಂದಿನ ಡೋಸ್ 21ನೇ ದಿನಕ್ಕೆ! ಹಾಗೆ ಉಳಿಸಿಕೊಂಡರೆ ನಾಲ್ಕು ಡೋಸಿಗೆ ಮೂರೇ ವಯಲ್. ಒಂಬತ್ತು ಡೋಸ್ ಏಳು ವಯಲಿನಲ್ಲಿ, ಹದಿನೆಂಟು ಡೋಸ್ ಹದಿನಾಲ್ಕರಲ್ಲಿ ಮುಗಿಯುತ್ತದೆ. ಆದರೆ ಈ ಕೆಲಸ ಮನೆಯ ಫ್ರಿಜ್ಜಿನಲ್ಲಿ ಆಗುವಂಥದಲ್ಲ; ಇಂಜೆಕ್ಷನ್ ಕೊಡುವ ಡೇ ಕೇರ್‌ನವರೇ ಶುದ್ಧವಾಗಿ ಕಲಸಿ, ಹೆಸರು-ತಾರೀಖು ಬರೆದು ಇಡಬೇಕು. ಒಪ್ಪುವ ಡೇ ಕೇರ್ ಹುಡುಕಿ, ಮೊದಲ ದಿನವೇ ಕೇಳಿ.

ಹೃದಯದ ಎಕೋ ಶುರುವಿಗೆ ಮುಂಚೆ, ಆಮೇಲೆ ಮೂರು ತಿಂಗಳಿಗೊಮ್ಮೆ ಆಗಬೇಕು. ಪಂಪಿಂಗ್ ಇಳಿದರೆ ಇಂಜೆಕ್ಷನ್ ನಿಲ್ಲಿಸುತ್ತಾರೆ, ಸಾಮಾನ್ಯವಾಗಿ ಮತ್ತೆ ಸರಿಹೋಗುತ್ತದೆ. ಎಕೋ ಉಳಿಸಿ ದುಡ್ಡು ಉಳಿಸುವ ಯೋಚನೆ ಬೇಡ.

ಇನ್ನು ಮೇಲಿನ ಮೆಟ್ಟಿಲುಗಳು. ಪರ್ಟುಜುಮ್ಯಾಬ್ ಸೇರಿಸುವುದು ಹರಡಿದ ಕಾಯಿಲೆಯಲ್ಲಿ ನಿಜವಾಗಿ ಬೆಲೆಬಾಳುತ್ತದೆ: ಕ್ಲಿಯೋಪಾತ್ರ ಪ್ರಯೋಗದಲ್ಲಿ ಮಧ್ಯಮ ಆಯಸ್ಸು 40.8 ತಿಂಗಳಿಂದ 56.5ಕ್ಕೆ ಏರಿತು. ಆಪರೇಶನ್ ಆದಮೇಲೆ, ಗಂಟಿಗೆ ಹೋಗದವರಲ್ಲಿ ಅದರ ಹೆಚ್ಚುವರಿ ಲಾಭ ತೀರ ಸಣ್ಣದು, ಅದಕ್ಕಾಗಿ ಸಾಲ ಮಾಡಬೇಡಿ. ಮೊದಲು ಕೀಮೋ ಕೊಟ್ಟು ಆಮೇಲೆ ಆಪರೇಶನ್ ಮಾಡಿದಾಗ ಗೆಡ್ಡೆ ಇನ್ನೂ ಉಳಿದಿದ್ದರೆ ಟಿ-ಡಿಎಂ1 (ಟ್ರಾಸ್ಟುಜುಮ್ಯಾಬ್ ಎಮ್‌ಟಾನ್ಸಿನ್) ಕೇಳಬೇಕಾದ ಔಷಧ. ಕ್ಯಾಥರಿನ್ ಪ್ರಯೋಗದಲ್ಲಿ ಮೂರು ವರ್ಷಕ್ಕೆ ಕಾಯಿಲೆ ಮರಳದವರು ಶೇ 77ರಿಂದ 88ಕ್ಕೆ ಏರಿದರು. ಇದಕ್ಕೂ 2021ರಲ್ಲಿ ಅಹಮದಾಬಾದಿನ ಜೈಡಸ್ ಬಯೋಸಿಮಿಲರ್ ತಂದಿದೆ. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಹರಡಿದ ಕಾಯಿಲೆಯಲ್ಲಿ ಅದಕ್ಕಿಂತಲೂ ಬಲವಾದದ್ದು. 2024ರ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆದರೂ ಸಾಮಾನ್ಯರಿಗೆ ದೂರವೇ. ಒಣ ಕೆಮ್ಮು, ಏದುಸಿರು ಬಂದರೆ ಆ ಔಷಧದಲ್ಲಿ ಒಂದು ದಿನವೂ ಕಾಯಬಾರದು, ಶ್ವಾಸಕೋಶಕ್ಕೆ ಅಪಾಯ. ಸಾದಾ ಟ್ರಾಸ್ಟುಜುಮ್ಯಾಬ್, ಟಿ-ಡಿಎಂ1, ಡೆರುಕ್ಸ್‌ಟೆಕಾನ್ ಈ ಮೂರರ ಹೆಸರೂ ಟ್ರಾಸ್ಟುಜುಮ್ಯಾಬ್ ಎಂದೇ ಶುರುವಾಗುತ್ತದೆ, ಡೋಸ್ ಬೇರೆ ಬೇರೆ. ಬಿಲ್ಲಿನಲ್ಲಿ, ಪೊಟ್ಟಣದಲ್ಲಿ ಹೆಸರಿನ ಎರಡನೇ ಪದವನ್ನು ಓದಿ ಹೋಲಿಸಿಯೇ ತೆಗೆದುಕೊಳ್ಳಿ.

ಪಾಲ್ಬೊ, ರೈಬೊ, ಅಬೆಮಾ

ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಕಾಯಿಲೆ ಹರಡಿದಾಗ ‘ಕೀಮೋ ಕೊಡದೆ ಬರೀ ಮಾತ್ರೆ ಕೊಟ್ಟು ಕಳಿಸಿದರು’ ಎಂದು ಮನೆಯವರು ಹೆದರುತ್ತಾರೆ. ಲಿವರ್ ಅಥವಾ ಶ್ವಾಸಕೋಶ ತೀರ ಸೋಲುತ್ತಿರುವ ಸ್ಥಿತಿ ಬಿಟ್ಟರೆ ಮೊದಲ ದಾರಿ ಮಾತ್ರೆಯೇ: ಲೆಟ್ರೋಜೋಲ್ ಅಥವಾ ಫುಲ್ವೆಸ್ಟ್ರಂಟ್ ಇಂಜೆಕ್ಷನ್, ಜೊತೆಗೆ ಪಾಲ್ಬೊ, ರೈಬೊ, ಅಬೆಮಾ ಈ ಮೂರು ಮಾತ್ರೆಗಳಲ್ಲಿ ಒಂದು. ರಿಸೆಪ್ಟರಿನಿಂದ ಬಂದ ಸೂಚನೆ ಕೋಶ ಒಡೆಯುವ ಹಂತಕ್ಕೆ ತಲುಪುವ ಜಾಗದಲ್ಲಿ ಇವು ಅಡ್ಡ ನಿಲ್ಲುತ್ತವೆ.

ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದು ಹಲವು ಕಂಪನಿಗಳ ಮಾತ್ರೆ ಬಂದವು, ಬೆಲೆ ಕುಸಿಯಿತು. ಕಾಯಿಲೆ ಮುಂದುವರಿಯದ ಕಾಲವನ್ನು ಅದು 14.5ರಿಂದ 24.8 ತಿಂಗಳಿಗೆ ಎಳೆಯುತ್ತದೆ, ಆದರೆ ಒಟ್ಟು ಆಯಸ್ಸು ಹೆಚ್ಚಿಸಿದ್ದು ಸಾಬೀತಾಗಲಿಲ್ಲ. ರೈಬೊಸಿಕ್ಲಿಬ್‌ನಲ್ಲಿ ಆಯಸ್ಸೂ 51.4ರಿಂದ 63.9 ತಿಂಗಳಿಗೆ ಏರಿತು. ಹಾಗಾಗಿ ವಿಮೆ ಇರುವವರು, ಹೃದಯ ಚೆನ್ನಾಗಿರುವವರು ರೈಬೊ ಕೇಳಲಿ. ಅದಕ್ಕೆ ಶುರುವಿನಲ್ಲಿ ಇಸಿಜಿ, ಲಿವರ್ ಪರೀಕ್ಷೆ ಕಡ್ಡಾಯ. ವಾಂತಿಗೆಂದು ಡೊಂಪೆರಿಡೋನ್ ಅನ್ನು ತಾವೇ ಕೊಂಡು ನುಂಗುವ ಅಭ್ಯಾಸ ನಿಲ್ಲಿಸಬೇಕು. ಗ್ರೇಪ್‌ಫ್ರೂಟ್ ಬೇಡ, ಅದರ ಜಾತಿಯ ಚಕ್ಕೋತವನ್ನೂ ದೂರವಿಡುವುದು ವಾಸಿ. ಪಾಲ್ಬೊ ಬಿಳಿ ರಕ್ತಕಣ ಇಳಿಸುತ್ತದೆ, ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ರಕ್ತ ನೋಡಿಸಿದರೆ ಸುಧಾರಿಸಬಹುದು.

ಅಬೆಮಾಸಿಕ್ಲಿಬ್ ದಿನಕ್ಕೆರಡು ಸಲ, ಬಿಡುವಿಲ್ಲದೆ. ಭೇದಿ ಅದರ ಕಾಟ. ಡೊಂಬಿವಿಲಿಯಿಂದ ಸಿಎಸ್‌ಎಂಟಿಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಹೆಂಗಸಿಗೆ, ಶೌಚಾಲಯವಿಲ್ಲದ ಡಬ್ಬಿಯಲ್ಲಿ ಒಂದು ಗಂಟೆಯ ಮೇಲೆ ನಿಲ್ಲುವುದೆಂದರೆ ಏನು ಎಂದು ಪ್ರಯೋಗದ ಕಾಗದಗಳಲ್ಲಿ ಬರೆದಿರುವುದಿಲ್ಲ. ಲೊಪೆರಮೈಡ್ ಚೀಲದಲ್ಲಿರಲಿ, ಮೊದಲ ತಿಂಗಳು ರಜೆ ಸಿಕ್ಕರೆ ತೆಗೆದುಕೊಳ್ಳಿ. ಹರಡದ, ಆದರೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗಂಟಿಗೆ ಹೋದಂಥ ಕಾಯಿಲೆಯಲ್ಲಿ ಎರಡು ವರ್ಷ ಕೊಡಲು ಇದಕ್ಕೆ ಒಳ್ಳೆಯ ಆಧಾರವಿದೆ.

ಠಾಣೆಯ ಹುಡುಗಿಗೆ ದುಡ್ಡಿನ ಮಿತಿ ಇದೆ. ಅವಳಿಗೆ ತಿಳಿದಿರಬೇಕಾದದ್ದು ನೆದರ್‌ಲ್ಯಾಂಡ್ಸ್‌ನ ಸೋನಿಯಾ ಪ್ರಯೋಗ: ಮೊದಲು ಲೆಟ್ರೋಜೋಲ್ ಗುಂಪಿನ ಮಾತ್ರೆಯೊಂದನ್ನೇ ಕೊಟ್ಟು, ಅದು ಸೋತ ಮೇಲೆ ಫುಲ್ವೆಸ್ಟ್ರಂಟ್ ಜೊತೆ ಈ ಮೂರರಲ್ಲೊಂದು ಮಾತ್ರೆ ಸೇರಿಸಿದವರ ಆಯಸ್ಸು, ಮೊದಲಿಂದಲೇ ಸೇರಿಸಿದವರಿಗಿಂತ ಕಡಿಮೆಯಾಗಲಿಲ್ಲ. ಅದರಲ್ಲಿ ಹೆಚ್ಚಿನವರು ತೆಗೆದುಕೊಂಡದ್ದು ಪಾಲ್ಬೊ ಎಂಬುದು ನೆನಪಿರಲಿ. ಎಲುಬಿಗಷ್ಟೇ ಹೋಗಿ ನಿಧಾನ ನಡೆಯುವ ಕಾಯಿಲೆಯಲ್ಲಿ ಇದನ್ನು ಡಾಕ್ಟರ ಮುಂದೆ ಧೈರ್ಯವಾಗಿ ಎತ್ತಬಹುದು.

ಎಲುಬಿಗೆ ಇಳಿದವರಿಗೆ ಜೋಲೆಡ್ರೋನಿಕ್ ಆಸಿಡ್ ಮತ್ತು ಡೆನೋಸುಮ್ಯಾಬ್ ನಡುವೆಯೂ ಪ್ರಶ್ನೆ ಬರುತ್ತದೆ. ಎರಡನೆಯದು ಮೂಳೆ ಕರಗಿಸುವ ಸೂಚನೆಯನ್ನೇ ತಡೆಯುತ್ತದೆ, ಕಿಡ್ನಿ ಸೋತವರಿಗೆ ಅದೇ ಸರಿ. ಉಳಿದವರಿಗೆ ಅಗ್ಗದ ಜೋಲೆಡ್ರೋನಿಕ್ ಸಾಕು, ಅದೂ ನಾಲ್ಕು ವಾರದ ಬದಲು ಹನ್ನೆರಡು ವಾರಕ್ಕೊಮ್ಮೆ. ಎರಡಕ್ಕೂ ಮುಂಚೆ ಹಲ್ಲಿನ ಡಾಕ್ಟರ ಬಳಿ ಹೋಗಿ ಕೀಳಬೇಕಾದ ಹಲ್ಲನ್ನು ಕೀಳಿಸಿಬಿಡಿ. ಅಲ್ಪೆಲಿಸಿಬ್, ಎವೆರೋಲಿಮಸ್ ಮುಂತಾದವು ಮುಂದಿನ ಸುತ್ತಿನ ಮಾತು; ಸಕ್ಕರೆ ಕಾಯಿಲೆ ಇದ್ದವರು ಅಲ್ಪೆಲಿಸಿಬ್‌ಗೆ ತುಂಬ ಯೋಚಿಸಿ ಹೂಂ ಅನ್ನಿ.

ಆಪರೇಶನ್ ಇನ್ನೂ ಆಗದವರಿಗೆ

ರಿಸೆಪ್ಟರಿನ ವಿಷಯವಲ್ಲದಿದ್ದರೂ ಇಲ್ಲಿ ಹೇಳಲೇಬೇಕು. ಟಾಟಾ ಸ್ಮಾರಕದ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 1,600 ಹೆಂಗಸರಲ್ಲಿ, ಗೆಡ್ಡೆ ತೆಗೆಯುವ ಕೆಲವು ನಿಮಿಷ ಮುಂಚೆ ಅದರ ಸುತ್ತ ಲಿಡೋಕೇನ್ ಚುಚ್ಚಿ ನೋಡಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ಐದು ವರ್ಷ ಬದುಕಿದವರು ಶೇ 86.4ರಿಂದ 90.1ಕ್ಕೆ ಏರಿದ್ದರು. ಲಿಡೋಕೇನ್ ಎಂದರೆ ಹಲ್ಲು ಕೀಳುವಾಗ ಕೊಡುವ ಜೋಮಿನ ಇಂಜೆಕ್ಷನ್, ಬೆಲೆ ಚಿಲ್ಲರೆ ಕಾಸು. ಸರ್ಜನ್ ಬಳಿ ಕೇಳಿನೋಡುವುದರಲ್ಲಿ ತಪ್ಪಿಲ್ಲ.

ದುಡ್ಡು ಮತ್ತು ಊರು

ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆ, ಕರ್ನಾಟಕದ್ದಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಯಾವ ಔಷಧ ಯಾವ ಯೋಜನೆಯ ಪಟ್ಟಿಯಲ್ಲಿದೆ ಎಂದು ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಮೊದಲ ಬಿಲ್ ಕಟ್ಟುವ ಮುಂಚೆ ಕೇಳಿ. ಕಟ್ಟಿದ ಮೇಲೆ ವಾಪಸ್ ಬರುವುದು ಕಷ್ಟ. ಮಾತ್ರೆಗಳಿಗೆ ಜನೌಷಧಿ ಅಂಗಡಿ ನೋಡಿ. ಎಂ.ಆರ್.ಪಿ. ಕಂಡು ಹೆದರಬೇಡಿ, 2019ರಲ್ಲಿ ಸರ್ಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರಿ ಲಾಭಕ್ಕೆ ಶೇ 30ರ ಮಿತಿ ಹಾಕಿದ ಮೇಲೂ ಎಷ್ಟೋ ಔಷಧ ಮುದ್ರಿತ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಚೌಕಾಸಿ ಮಾಡಲು ನಾಚಿಕೆ ಬೇಡ, ಅಂಗಡಿಯವನೇ ಹೇಳುತ್ತಿದ್ದೇನೆ.

ತಪಾಸಣೆ, ಆಪರೇಶನ್, ಚಿಕಿತ್ಸೆಯ ನಕ್ಷೆ ಮುಂಬೈಯಲ್ಲಿ ಆಗಲಿ. ಮೂರು ವಾರಕ್ಕೊಮ್ಮೆಯ ಇಂಜೆಕ್ಷನ್ನಿಗೆ ವರ್ಷವಿಡೀ ಇಲ್ಲೇ ಇರಬೇಕಾಗಿಲ್ಲ. ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ಮುಂದುವರಿಸಬಹುದೇ ಎಂದು ಇಲ್ಲಿನ ಡಾಕ್ಟರಿಂದ ಚೀಟಿ ಬರೆಸಿಕೊಳ್ಳಿ. ಔಷಧ ಇಲ್ಲಿಂದಲೇ ಒಯ್ಯುವುದಾದರೆ ಥರ್ಮಾಕೋಲ್ ಡಬ್ಬಿ, ಹೊಸ ಐಸ್ ಪ್ಯಾಕ್ ಕೇಳಿ ಪಡೆಯಿರಿ. ವಯಲ್ ನೇರ ಐಸಿಗೆ ತಾಗದಂತೆ ನಡುವೆ ದಪ್ಪ ಕಾಗದ ಹಾಕಿಸಿ. ರಾತ್ರಿ ರೈಲಿನಲ್ಲಿ ಡಬ್ಬಿಯನ್ನು ಕಿಟಕಿಯ ಬಿಸಿಲು ತಾಗದ ಕೆಳಗಿನ ಬರ್ತಿನ ಅಡಿಯಲ್ಲಿಟ್ಟು, ಬೆಳಗ್ಗೆ ಇಳಿದವರೇ ಮನೆಗೆ ಹೋಗದೆ ಸೀದಾ ಆಸ್ಪತ್ರೆಯ ಫ್ರಿಜ್ಜಿಗೆ ಮುಟ್ಟಿಸಿ.